ಸೈಕಲ್ ಮ್ಯಾಲ ವಿಜಯಪುರ, ನೀರಿನ ದಾರಿ ಹಿಡಿದು

ವಿಜಯಪುರ ನೋಡಾಕ ಬರೋರು ಬಹುತೇಕ ಒಂದ ದಾರ್ಯಾಗ ಓಡಾಡ್ತಾರ. ಬಸ್ ಸ್ಟ್ಯಾಂಡಿನಾಗ ಇಳಿದು ಆಟೋ ಮಾತಾಡ್ತಾರ, ಗೋಳಗುಮ್ಮಟ ಹತ್ತಿ ಕೂಗಿ ಇಳೀತಾರ, ಬಾರಾ ಕಮಾನಿನ ಮುಂದ ಫೋಟೋ, ಇಬ್ರಾಹಿಂ ರೋಜಾ, ಖಾನಾವಳ್ಯಾಗ ರೊಟ್ಟಿ ಊಟ, ಸಂಜಿ ಬಸ್ಸು. ನಾವು ಬಾಗಲಕೋಟಿಯವ್ರು, ಸಾಲಿ ಟ್ರಿಪ್ಪು, ಮದುವಿ, ದವಾಖಾನಿ ಅಂತ ಸಣ್ಣಂದಿನಿಂದ ಈ ಊರಿಗೆ ಓಡಾಡಿದವ್ರು, ನಾವೂ ಹಂಗ ನೋಡಿದ್ವಿ. ಈ ಸಲ ಸೈಕಲ್ ಟೂರ್ ತಗೊಂಡ್ವಿ, ಅದೂ ಪ್ರೈವೇಟ್, ನಾನು ನಮ್ಮನಿಯವ್ರು ಇಬ್ರ, ಜೊತಿಗೆ ಒಬ್ಬ ಗೈಡ್. ಊರು ಪೂರ್ತಿ ಬ್ಯಾರೆ ಕಾಣಿಸ್ತು, ಅದಕ್ಕ ಬರಿಯಾಕ ಕುಂತೀನಿ.

ಗೈಡ್ ಹುಡುಗ ಸ್ಪೋರ್ಟ್ಸ್ ಹಾಸ್ಟೆಲ್‌ನಾಗ ಸೈಕ್ಲಿಂಗ್ ಮಾಡಿ ಬಂದಾಂವ. ವಿಜಯಪುರ, ಬಾಗಲಕೋಟಿ ಎರಡೂ ಜಿಲ್ಲಾದಾಗ ಸೈಕ್ಲಿಂಗ್ ಅಂದ್ರ ದೊಡ್ಡ ಆಟ ರೀ, ಹೊರಗಿನವ್ರಿಗೆ ಇದು ಅಷ್ಟು ಗೊತ್ತಿಲ್ಲ, ಹಳ್ಳ್ಯಾಗ ಹೊಲಮನಿ ಕೆಲಸ ಮಾಡೋ ಮನಿಯ ಹುಡುಗ್ರು ಹುಡುಗ್ಯಾರು ಇಲ್ಲಿಂದ ನ್ಯಾಷನಲ್ ಮಟ್ಟಕ್ಕ ಹೋಗ್ಯಾರ. ಈಗ ಇಂವ ರೇಸ್ ಬಿಟ್ಟು ಊರು ತೋರಿಸ್ತಾನ. ಫೋನಿನಾಗ ಮೊದಲ ಕೇಳಿದ್ದ ನಮ್ಮ ಎತ್ತರ ಎಷ್ಟು ಅಂತ, ಆಮ್ಯಾಲ ಸೈಕಲ್ ಹೊಡೆದು ಎಷ್ಟು ವರ್ಷ ಆತು, ಮೊಣಕಾಲು ನೋವು ಏನರ ಐತೇನು ಅಂತ, ಕಡೀಕ ಏನು ನೋಡ್ಬೇಕು ಅಂತ. ನಾ ಅಂದೆ, ತಮ್ಮಾ, ಗುಮ್ಮಟ ನೋಡೀವಿ, ಕೂಗೀವಿ, ಈ ಊರಾಗ ಇನ್ನೇನೈತಿ ಅದನ್ನ ತೋರಿಸು. ಆಂವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಿಮಗ ನೀರು ತೋರಿಸ್ತೀನ್ರಿ ಅಕ್ಕಾರ" ಅಂದ. ಪ್ರೈವೇಟ್ ಟೂರ್ ಅಂದ್ರ ನನ್ನ ಪ್ರಕಾರ ಇದ, ಹದಿನೈದು ಮಂದಿ ಗುಂಪಿನಾಗ ಹೋದ್ರ ಇಂಥ ಮಾತಾಡಾಕ ಜಾಗಾ ಎಲ್ಲೈತಿ, ಎಲ್ಲಾರಿಗೂ ಹೊಂದೋ ಹಂಗ ಒಂದ ರೂಟು, ಒಂದ ಟೈಮು.

ನಸುಕಿನ್ಯಾಗ ಗೋಳಗುಮ್ಮಟದ ಮುಂದ ಸೈಕಲ್ ತಂದು ನಿಲ್ಲಿಸಿದ್ದ. ನನ್ನ ಸೈಕಲ್ಲಿನ ಸೀಟು ಸಡಲ ಮಾಡಿ, ನನ್ನ ಹತ್ತಿಸಿ, ಪೆಡಲ್ ಕೆಳಗಿದ್ದಾಗ ಕಾಲು ಪೂರ್ತಿ ನೆಟ್ಟಗ ಆಗ್ಬಾರ್ದು, ಸ್ವಲ್ಪ ಮಡಚಿರ್ಬೇಕು ಅಂತ ಹೇಳಿ, ಇಳಿಸಿ, ಮತ್ತ ಬೆರಳಷ್ಟು ಏರಿಸಿ ಬಿಗಿ ಮಾಡ್ದ. ಟೈರ್ ಹೆಬ್ಬೆರಳಿನಿಂದ ಒತ್ತಿ ನೋಡಿ ಸ್ವಲ್ಪ ಹವಾ ಬಿಟ್ಟ, ಹಳೇ ಊರಿನ ಕಲ್ಲಿನ ದಾರ್ಯಾಗ ಗಟ್ಟಿ ಟೈರ್ ಇದ್ರ ಸೊಂಟಕ್ಕ ಬಡೀತೈತಿ ಅಂತ. ಹೆಲ್ಮೆಟ್ ಬೆಲ್ಟು ತಾನ ಕಟ್ಟಿ ಎರಡು ಬೆರಳು ಹಿಡಿಯೋವಷ್ಟು ಸಂದು ಐತೋ ಇಲ್ಲೋ ನೋಡ್ದ. ಈ ಕಾಳಜಿ ನೋಡೇ ನಮ್ಮನಿಯವ್ರಿಗೆ ಧೈರ್ಯ ಬಂತು.

ಗುಮ್ಮಟದ ಬಗ್ಗೆ ನಾ ಹೆಚ್ಚು ಬರಿಯಂಗಿಲ್ಲ. ಮೊಹಮ್ಮದ್ ಆದಿಲ್ ಶಾಹನ ಗೋರಿ, ಆಂವ ತೀರ್ಕೊಂಡಿದ್ದು 1656ರಾಗ, ಗುಮ್ಮಟದ ಹೊರಗಿನ ಅಡ್ಡಳತಿ ಹತ್ರ ಹತ್ರ 44 ಮೀಟರು, ನಡುವ ಒಂದು ಕಂಬ ಇಲ್ಲ. ಮುಂಜಾನೆ ಬಾಗಿಲು ತೆಗದ ಕೂಡ್ಲೆ ಹೋದ್ರ ಪಿಸುಗುಡೋ ಗ್ಯಾಲರ್‍ಯಾಗ ನಿಜವಾಗ್ಲೂ ಪಿಸುಗುಡಬಹುದು, ಹತ್ತು ಗಂಟೆ ಮ್ಯಾಲ ಸಾಲಿ ಹುಡುಗ್ರ ಗದ್ದಲದಾಗ ಏನೂ ಕೇಳಂಗಿಲ್ಲ. ಅಷ್ಟು ಸಾಕು.

ಅಲ್ಲಿಂದ ಅಸಾರ್ ಮಹಲ್ ಮುಂದ ನಿಲ್ಲಿಸ್ದ. ಮದಲ ಇದು ನ್ಯಾಯ ಹೇಳೋ ದಾದ್ ಮಹಲ್ ಆಗಿತ್ತಂತ. ಎಲ್ಲಾರೂ ಎತ್ತರದ ಕಟ್ಟಿಗಿ ಕಂಬ ನೋಡಿದ್ರ ಈ ಹುಡುಗ ಕಟ್ಟಡಕ್ಕ ಬೆನ್ನು ತಿರುಗಿಸಿ ನಿಂತು ಮುಂದಿನ ಹೊಂಡ ತೋರಿಸ್ದ. ಈ ನೀರು ಎಲ್ಲಿಂದ ಬಂತು ಅಂತೀರಿ? ಇಲ್ಲಿ ಹೊಳಿ ಇಲ್ಲ, ಕೃಷ್ಣಾ ದೂರ, ಭೀಮಾ ದೂರ, ಕೆಳಗ ಕರಿ ಕಲ್ಲು, ಮಳಿ ಅಂದ್ರ ಬಂದ್ರ ಬಂತು ಇಲ್ಲಂದ್ರ ಇಲ್ಲ. ಇಂಥಾ ಜಾಗಾದಾಗ ಸುತ್ತ ಹತ್ತು ಕಿಲೋಮೀಟರ್ ಕೋಟಿ ಕಟ್ಟಿ, ಒಳಗ ಅರಮನಿ, ಮಸೂತಿ, ಬಜಾರ, ತೋಟ ಮಾಡಿ ಊರು ಬೆಳೆಸ್ಯಾರ. 1565ರಾಗ ತಾಳಿಕೋಟಿ ಯುದ್ಧ ಆಗಿ ವಿಜಯನಗರ ಬಿದ್ದ ಮ್ಯಾಲ ಇಲ್ಲಿಗೆ ಜನ ಬಂದು ತುಂಬಿದ್ರು, ನೀರು ಸಾಲ್ದಾತು, ಅದಕ್ಕ ಒಂದನೇ ಅಲಿ ಆದಿಲ್ ಶಾಹ 1579ರಾಗ ಚಾಂದ್ ಬಾವಡಿ, ಅಂದ್ರ ಮೆಟ್ಲ ಇರೋ ದೊಡ್ಡ ಬಾವಿ, ಕಟ್ಟಿಸಿದ. ಆ ಪ್ರಶ್ನೆ ಒಂದನ್ನ ಇಟ್ಕೊಂಡ ಊರು ತಿರುಗಿದ್ವಿ, ನೋಡಿದ್ದೆಲ್ಲಾ ಅದಕ್ಕ ಬಂದು ಕೂಡ್ತು.

ಜುಮ್ಮಾ ಮಸೀದಿ ಹಿಂದಿನ ಓಣಿಯೊಳಗ ಹೊಕ್ವಿ. ಕಾರು ಹೋಗೋ ದಾರಿ ಅಲ್ಲ, ನಡಕೋತ ಹೋದ್ರ ಬಿಸಿಲಿಗೆ ಸಾಕಾಗ್ತೈತಿ, ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ಕಟ್ಟಿ ಮ್ಯಾಲ ಕುಂತ ಅಜ್ಜಾರು "ಎಲ್ಲಿಂದ ಬಂದೀರಿ" ಅಂತಾರ, ನಿಂತು ಮಾತಾಡ್ತೀವಿ, ಹುಡುಗ್ರು ಹಿಂದ ಓಡಿ ಬರ್ತಾರ, ಬೆಲ್ ಬಾರಿಸು ಅಂತಾರ. ಒಂದು ತಿರುವಿನ್ಯಾಗ ಚಹಾ ಅಂಗಡಿ, ಅಲ್ಲೇ ಬಿಸಿ ಮಿರ್ಚಿ ಭಜಿ, ಸುಸಲಾ ತಿಂದ್ವಿ. ಅಂಗಡಿಯವ್ರು ದುಡ್ಡು ತಗೋಳೋ ಮುಂದ ಗಂಜ್ ನೋಡಿದ್ರೇನು ಅಂತ ಅವರ ಕೇಳಿದ್ರು.

ಗಂಜ್ ಅಂದ್ರ ನೀರಿನ ಗೋಪುರ. ಎರಡು ಮನಿ ನಡುವ ನಾಕು ಮೂಲಿ ಕಲ್ಲಿನ ಗೋಪುರ ನಿಂತಿತ್ತು, ಮಾಳಗಿ ಮನಿಗಿಂತ ಎತ್ತರ, ಮ್ಯಾಲ ಅರಳಿ ಸಸಿ ಹುಟ್ಟಿ ಬೇರು ಸಂದ್ಯಾಗ ಇಳಿದಾವ, ಗಿಲಾಯಿ ಉದುರಿದ ಕಡೆ ಮಣ್ಣಿನ ಕೊಳವಿ ಬಾಯಿ ಕಾಣ್ತೈತಿ. ಕೈ ಹಾಕಿದೆ, ಒಳಗ ನುಣುಪು, ಒಂದು ಕೊಳವಿ ಬಾಯಿ ಇನ್ನೊಂದರ ಒಳಗ ಕುಂತು ಸುತ್ತ ಗಚ್ಚು ಮೆತ್ತಿದ್ದು ಬೆರಳಿಗೆ ತಿಳೀತೈತಿ. ಗೈಡ್ ಹೇಳ್ದ ಪ್ರಕಾರ ಕೆಲಸ ಹಿಂಗ: ಎತ್ತರದ ಕೆರಿಯಿಂದ ನೀರು ನೆಲದಾಗಿನ ಕೊಳವ್ಯಾಗ ಬರ್ತೈತಿ, ದೂರದಿಂದ ಇಳಿದು ಬರೋ ನೀರಿಗೆ ಒತ್ತಡ ಜಾಸ್ತಿ, ಸೀದಾ ಬಿಟ್ರ ಮಣ್ಣಿನ ಕೊಳವಿ ಒಡೀತಾವ, ಅದಕ್ಕ ದಾರಿ ಮ್ಯಾಲ ಅಲ್ಲಲ್ಲಿ ಗಂಜ್ ಕಟ್ಟಿ ನೀರನ್ನ ಮ್ಯಾಲ ಏರಿಸ್ತಿದ್ರು, ಅಲ್ಲಿ ಒತ್ತಡ ಇಳೀತೈತಿ, ಹೂಳು ತಳಕ್ಕ ಕೂಡ್ತೈತಿ, ತಿಳಿ ನೀರು ಮುಂದಿನ ಕೊಳವಿಗೆ ಹೋಗ್ತೈತಿ. ಪಂಪಿಲ್ಲ, ಕರೆಂಟಿಲ್ಲ. ನಮ್ಮನಿಯವ್ರು ಪ್ಲಂಬಿಂಗ್ ಸಾಮಾನಿನ ಅಂಗಡಿ ಇಟ್ಟವ್ರು, ಅವರು ಆ ಗೋಪುರ ಬಿಟ್ಟು ಬರಾಕ ತಯಾರಿಲ್ಲ, ಕೊಳವಿ ವ್ಯಾಸ ಗೇಣಿನಿಂದ ಅಳೀತಾರ, ಗೈಡ್ ಜೊತಿ ವಾದ ಮಾಡ್ತಾರ, ಗುಂಪಿನ ಟೂರ್ ಆಗಿದ್ರ ಐದು ನಿಮಿಷಕ್ಕ ಸೀಟಿ ಹೊಡೀತಿದ್ರು.

ಆದ್ರ ಒಂದು ಮಾತು ಹೇಳಲೇಬೇಕು, ಆ ಗಂಜ್ ಬುಡದಾಗ ಕಸದ ಗುಂಪಿ, ಮೈ ತುಂಬ ಪೋಸ್ಟರ್. ಇದೇನು ಅಂತ ಹೇಳೋ ಒಂದು ಸಣ್ಣ ಫಲಕನೂ ಕಾಣ್ಲಿಲ್ಲ. ಗುಮ್ಮಟದಷ್ಟ ತಲಿ ಓಡಿಸಿ ಕಟ್ಟಿದ ಕೆಲಸ ಇದು, ಊರಿನ ಜೀವ ಉಳಿಸಿದ್ದು ಇದು, ನನಗ ಭಾಳ ಸಂಕಟ ಆತು.

ಮುಂದ ಗಗನ್ ಮಹಲ್ ದೊಡ್ಡ ಕಮಾನು, 1686ರಾಗ ಔರಂಗಜೇಬ ಊರು ಗೆದ್ದು ಕಡೇ ಸುಲ್ತಾನ ಸಿಕಂದರ್ ಆದಿಲ್ ಶಾಹನ ಶರಣಾಗತಿ ತಗೊಂಡಿದ್ದು ಇಲ್ಲೇ ಅಂತಾರ. ಬಾರಾ ಕಮಾನು ದಾಟಿ, ಉಪ್ಲಿ ಬುರುಜಿನ ಹೊರಗಿನ ಮೆಟ್ಲ ಹತ್ತಿ ಊರು ಒಂದು ಸಲ ಮ್ಯಾಲಿಂದ ನೋಡಿ, ಮಲಿಕ್-ಎ-ಮೈದಾನ್ ತೋಪಿಗೆ ಬಂದ್ವಿ. 1549ರಾಗ ಅಹಮದನಗರದಾಗ ಎರಕ ಹೊಯ್ದದ್ದು, ತೂಕ 55 ಟನ್, ಬಾಯಿಗೆ ಸಿಂಹದ ಮುಖ, ಅದರ ಹಲ್ಲಿನಾಗ ಆನಿ ಸಿಕ್ಕೊಂಡೈತಿ. 1854ರಾಗ ಬ್ರಿಟಿಷರು ಹರಾಜಿಗೆ ಇಟ್ರ 150 ರೂಪಾಯಿಗಿಂತ ಹೆಚ್ಚು ಯಾರೂ ಕೂಗ್ಲಿಲ್ಲಂತ, ಅದಕ್ಕ ಮಾರಲಿಲ್ಲ, ಪುಣ್ಯ ನಮ್ಮದು. ಇಲ್ಲೂ ಹುಡುಗ ನೀರ ತೋರಿಸ್ದ, ತೋಪಿನ ಬಾಜೂಕ ಒಂದು ಸಣ್ಣ ತೊಟ್ಟಿ, ಬತ್ತಿಗೆ ಬೆಂಕಿ ಇಟ್ಟಾಂವ ಕಿವಿ ಒಡೀಬಾರ್ದು ಅಂತ ಅದರೊಳಗ ಮುಳುಗ್ತಿದ್ದ ಅಂತ ಊರ ಮಂದಿ ಹೇಳ್ತಾರ.

ತಾಜ್ ಬಾವಡಿಗೆ ಬಂದಾಗ ಬಿಸಿಲು ಏರಿತ್ತು. ರಸ್ತೆ ಗದ್ದಲದಿಂದ ದೊಡ್ಡ ಕಮಾನಿನ ಒಳಗ ಹೊಕ್ಕ ಕೂಡ್ಲೆ ತಂಪು ಗಾಳಿ ಮುಖಕ್ಕ ಬಡೀತು. ಒಂದೊಂದು ಬದಿ ಹತ್ರ ಹತ್ರ 220 ಅಡಿ ಇರೋ ಚೌಕ ಹೊಂಡ, ಎರಡೂ ಕಡೆ ಎಂಟು ಮೂಲಿ ಬುರುಜು, ಮೆಟ್ಲ ಇಳಕೋತ ನೀರಿನ ಮಟ. ಎರಡನೇ ಇಬ್ರಾಹಿಂ ಆದಿಲ್ ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನ ಮ್ಯಾಲ 1620ರಾಗ ಶಿಲ್ಪಿ ಮಲಿಕ್ ಸಂದಲ್ ಕಟ್ಟಿಸಿದ್ದು. ನೀರು ಬೇಕಾದವ್ರು, ದಾರಿ ನಡೆದು ಬಂದವ್ರು ಎಲ್ಲಾರೂ ಇಲ್ಲೇ ದಣಿವು ಆರಿಸ್ಕೊಂಡಿರಬೇಕು, ಮಕ್ಕಾ ದರ್ವಾಜಾದಿಂದ ಒಳಗ ಬಂದ ಕೂಡ್ಲೆ ಸಿಗೋ ನೀರು ಇದು. ಹೋದ ದಶಕದಾಗ ಊರಿನ ಹಳೇ ಬಾವಡಿಗಳ ಹೂಳು ತಗಸೋ ಕೆಲಸ ಆತು, ಅದಕ್ಕ ಇವತ್ತು ಇಲ್ಲಿ ನಿಂತು ನೋಡೋ ಹಂಗ ಐತಿ. ಗೈಡ್ ತನ್ನ ಸಣ್ಣತನದಾಗ ಇಲ್ಲಿ ಮೂಗು ಮುಚ್ಕೊಂಡು ಓಡ್ತಿದ್ವಿ ಅಂದ. ಅದ ಮಲಿಕ್ ಸಂದಲ್‌ನ ಕೈಯಾಗ ಆ ಸುಲ್ತಾನನ ಗೋರಿ ಇಬ್ರಾಹಿಂ ರೋಜಾನೂ ಆಗಿದ್ದು ಅಂತ ಹೇಳಿ ಅಲ್ಲಿಗೆ ಕರ್ಕೊಂಡು ಹೋದ, ನಾವು ಆ ಕಲ್ಲಿನ ಕಿಟಕಿಗಳನ್ನ ಹೊಸ ಕಣ್ಣಿನಿಂದ ನೋಡಿದ್ವಿ, ಕಲ್ಲನ್ನ ಕೊರೆದು ಅಕ್ಷರಾನೇ ಜಾಳಗಿ ಮಾಡ್ಯಾರ, ಬೆಳಕು ಅಕ್ಷರದ ಸಂದ್ಯಾಗಿಂದ ಒಳಗ ಬೀಳ್ತೈತಿ. ಗೋರಿಗೂ ಮಸೀದಿಗೂ ನಡುವ ಮತ್ತ ನೀರಿನ ಹೊಂಡ.

ಕಡೀಕ ತೊರವಿ ರಸ್ತೆ. ಊರಿನ ಪಶ್ಚಿಮಕ್ಕ ಐದಾರು ಕಿಲೋಮೀಟರು. ಇಲ್ಲಿ ನಮ್ಮನಿಯವ್ರ ಹಿಂದಿನ ಗಾಲಿಗೆ ಜಾಲಿ ಮುಳ್ಳು ಹೊಕ್ಕು ಹವಾ ಹೋತು. ಹುಡುಗ ಸೈಕಲ್ ತಿರುವಿ ಹಾಕಿ, ಟ್ಯೂಬ್ ತಗದು, ಟೈರ್ ಒಳಮೈ ಮ್ಯಾಲ ಬೆರಳು ನಿಧಾನ ಆಡಿಸಿ ಮುಳ್ಳಿನ ಮುರುಕು ಹುಡುಕಿ ಉಗುರಿನಿಂದ ಕಿತ್ತ, ಬ್ಯಾರೆ ಟ್ಯೂಬ್ ಹಾಕಿ ಸಣ್ಣ ಪಂಪಿನಿಂದ ಹವಾ ಹಾಕ್ದ. ಮುಳ್ಳು ಬಿಟ್ಟು ಬರೇ ಟ್ಯೂಬ್ ಬದಲಿ ಮಾಡಿದ್ರ ಒಂದ ಫರ್ಲಾಂಗಿಗೆ ಮತ್ತ ಪಂಚರ್ ಅಂತ ಹೇಳ್ದ. ನಾವು ಅಷ್ಟೊತ್ತು ಬೇವಿನ ನೆಳ್ಳಾಗ ಕುಂತು ನೀರು ಕುಡಿದ್ವಿ.

ತೊರವಿ ಕಡೆಯಿಂದ ಊರಿಗೆ ಬಂದಿದ್ದು ಕರೇಜ್, ಅಂದ್ರ ನೆಲದಾಗಿನ ಸುರಂಗ ಕಾಲುವಿ. ಸುರಂಗ್ ಬಾವಡಿಯಾಗ ಬಗ್ಗಿ ನೋಡಿದ್ರ ಕರಿ ಕಲ್ಲು ಕಡೆದ ಸುರಂಗದ ಬಾಯಿ ಕಾಣ್ತೈತಿ. ದಾರಿ ಉದ್ದಕ್ಕೂ ಸ್ವಲ್ಪ ಸ್ವಲ್ಪ ದೂರಕ್ಕ ಮ್ಯಾಲಿಂದ ಬಾವಿ ಹಂಗ ಕಿಂಡಿ ಬಿಟ್ಟಾರ, ಗಾಳಿ ಆಡಾಕ, ಇಳಿದು ಹೂಳು ತೆಗಿಯಾಕ. ನೆಲದ ಕೆಳಗ ಇದ್ದಿದ್ದಕ್ಕ ನಮ್ಮ ಬ್ಯಾಸಿಗಿ ಬಿಸಿಲಿಗೂ ನೀರು ಆರ್ತಿರಲಿಲ್ಲ, ವೈರಿ ಬಂದು ಮುತ್ತಿಗಿ ಹಾಕಿದ್ರೂ ಸುಲಭ ಕಣ್ಣಿಗೆ ಬೀಳ್ತಿರಲಿಲ್ಲ. ಹಳೇ ಸ್ಮಾರಕ ಉಳಿಸಾಕ ಕೆಲಸ ಮಾಡೋ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆಯವ್ರು 2020ರ ತಮ್ಮ ಕಾಳಜಿ ಪಟ್ಟ್ಯಾಗ ಈ ಸುರಂಗ್ ಬಾವಡಿ ಹೆಸರು ಸೇರಿಸ್ಯಾರ, ಜಗತ್ತಿನ ಕಣ್ಣಿಗೆ ಬಿದ್ದದ್ದು ಹತ್ತಿರದ ಬಾಗಲಕೋಟಿಯವ್ರಾದ ನಮಗ ಗೊತ್ತಿರಲಿಲ್ಲ ನೋಡ್ರಿ.

ವಾಪಸ್ ಊರ ಕಡೆ ಹೊಂಟಾಗ ಹುಡುಗ "ಪೆಡಲ್ ತುಳೀಬ್ಯಾಡ್ರಿ, ಸುಮ್ಮನ ಬಿಡ್ರಿ" ಅಂದ. ಬಿಟ್ವಿ. ಸೈಕಲ್ ತಾನ ಹೊಂಟ್ತು, ಜೋರಾಗಿ ಅಲ್ಲ, ನಿಧಾನ ಆದ್ರ ನಿಲ್ಲದಂಗ, ಮತ್ತ ಎಲ್ಲೋ ಒಂದೆರಡು ತುಳಿತ, ಮತ್ತ ತಾನ. ಕಣ್ಣಿಗೆ ಸಪಾಟ ಕಾಣೋ ರಸ್ತೆ ಅದು, ಕಾರಿನಾಗ ಹೋದವ್ರಿಗೆ ಎಂದೂ ತಿಳಿಯಂಗಿಲ್ಲ. ಬರೋ ಮುಂದ ಯಾಕ ತೊಡಿ ನೋವಾತು ಅಂತ ಆಗ ಗೊತ್ತಾತು. "ಇದ ಇಳುಕಲಿನಾಗ ನೀರು ಬಂತ್ರಿ ಅಕ್ಕಾರ, ಅವರು ನೆಲ ಹಿಂಗ ಓದ್ತಿದ್ರು" ಅಂದ. ಆ ಊರಿಗೆ ಸೈಕಲ್ ಮ್ಯಾಲ ಹೋಗ್ರಿ ಅಂತ ನಾ ಎಲ್ಲಾರಿಗೂ ಹೇಳ್ಕೋತ ತಿರುಗಾಕ ಇದೊಂದ ಕಾರಣ ಸಾಕು.

ಹೋಗೋರಿಗೆ ಸ್ವಲ್ಪ ಹೇಳ್ತೀನಿ. ನವೆಂಬರ್‌ದಿಂದ ಫೆಬ್ರವರಿ ಒಳಗ ಹೋಗ್ರಿ, ಏಪ್ರಿಲ್ ಮೇದಾಗ ಬಿಸಿಲು ನಲವತ್ತು ಡಿಗ್ರಿ ದಾಟ್ತೈತಿ, ಆಗ ಬ್ಯಾಡ. ನಸುಕಿನ್ಯಾಗ ಶುರು ಮಾಡ್ರಿ. ಕಬ್ಬಿನ ಸೀಜನ್‌ದಾಗ ಹೊರಗಿನ ರಸ್ತೆಗೆ ಟ್ರ್ಯಾಕ್ಟರ್ ಟ್ರೇಲರ್ ಜಾಸ್ತಿ, ಗೈಡ್ ಹಿಂದ ಒಂದ ಸಾಲಿನಾಗ ಹೋಗ್ರಿ. ಹೆಣ್ಣುಮಕ್ಕಳು ಚೂಡಿದಾರ ದುಪಟ್ಟಾ ಗಂಟು ಹಾಕಿ ಹೋಗ್ರಿ, ಚೈನಿಗೆ ಸಿಗ್ತೈತಿ. ಗೈಡಿಗೆ ನಿಮಗ ಏನು ಇಷ್ಟ ಅಂತ ಮುಂಚೆನ ಬಾಯಿಬಿಟ್ಟು ಹೇಳ್ರಿ, ಶಿಲ್ಪ ಬೇಕೋ, ಊಟ ಬೇಕೋ, ಕೋಟಿ ಬುರುಜು ಬೇಕೋ, ದುಡ್ಡು ಕೊಡೋದು ಅದಕ್ಕ. ರೇಟ್ ಮಾತಾಡೋ ಮುಂದ ಚೌಕಾಸಿ ಕಡಿಮಿ ಮಾಡ್ರಿ, ಈ ಹುಡುಗ್ರು ರೇಸ್ ಬಿಟ್ಟ ಮ್ಯಾಲ ಊರಾಗ ಇಂಥ ಕೆಲಸ ಸಿಕ್ರ ಬೆಂಗಳೂರಿಗೆ ಹೋಗೋದು ತಪ್ಪತೈತಿ.

ಬೇಗಂ ತಲಾಬ್ ನೋಡೋದು ಇನ್ನೂ ಉಳಿದೈತಿ. ಮೊಹಮ್ಮದ್ ಆದಿಲ್ ಶಾಹ 1651ರಾಗ ಕಟ್ಟಿಸಿದ ಕೆರಿ ಅದು, ಅಲ್ಲಿಂದ ಕೊಳವಿ ದಾರಿ ಹಿಡಿದು ಒಂದೊಂದ ಗಂಜ್ ನೋಡಕೋತ ಊರೊಳಗ ಬರೋದು ಅಂತ ಹುಡುಗನ ಜೊತಿ ಮಾತಾಗೇತಿ. ನಮ್ಮನಿಯವ್ರು ಈ ಸಲ ಟೇಪ್ ತರ್ತೀನಿ ಅಂದಾರ.