‘ತಲಿ ಧಿಮ್ ಅಂತೈತ್ರಿ’ ಅಂದಾಗ ನಾನು ಕೇಳದೇ ಬಿಟ್ಟ ಪ್ರಶ್ನೆ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಒಂದು ವರ್ಷದ ಸೈಕಾಲಜಿ ಎಂಎಸ್ಸಿ ಮುಗಿಸಿ ಬಂದು ಹುಬ್ಬಳ್ಳಿಯ ಒಂದು ಕ್ಲಿನಿಕ್‌ನಲ್ಲಿ ಕೌನ್ಸೆಲರ್ ಆಗಿ ಸೇರಿದೆ. ಮೊದಲ ತಿಂಗಳಲ್ಲೇ ಒಂದು ತಪ್ಪು ಮಾಡಿದೆ.

ಬ್ಯಾಡಗಿ ಕಡೆಯ ಹೆಣ್ಣುಮಗಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. (ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.) “ತಲಿ ಧಿಮ್ ಅಂತೈತ್ರಿ, ಮೈಯಾಗ ಕಸುವ ಇಲ್ಲ” ಅಂದರು. ರಕ್ತ ಪರೀಕ್ಷೆ ಎಲ್ಲ ಸರಿ ಇತ್ತು. ನಾನು ಪಿಎಚ್‌ಕ್ಯೂ-9 ಫಾರ್ಮ್ ತೆಗೆದೆ. ಖಿನ್ನತೆ ಅಳೆಯುವ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಆಳವಾಗಿ ವಿಚಾರಿಸುತ್ತೇವೆ.

“ಬ್ಯಾಸರ ಆಗತೈತೇನ್ರಿ?”

“ಬ್ಯಾಸರಾಗಾಕ ಪುರಸೊತ್ತ ಎಲ್ಲೈತ್ರಿ ಅಕ್ಕಾರ?”

ಸೊನ್ನೆ ಹಾಕಿದೆ. ಒಟ್ಟು 6 ಬಂತು. ಸರಿಯಾಗಿ ನಿದ್ದೆ ಮಾಡಿ ಅಂತ ಹೇಳಿ ಕಳಿಸಿಬಿಟ್ಟೆ.

ರಾತ್ರಿ ಲೆಸ್ಟರ್‌ನ ಕ್ಲಾಸು ನೆನಪಾಯಿತು. ನೈಜೀರಿಯಾ, ಚೀನಾ, ಪೋಲೆಂಡ್, ಅಲ್ಲೇ ಹುಟ್ಟಿ ಬೆಳೆದ ಗುಜರಾತಿ ಹುಡುಗಿಯರು, ಎಲ್ಲ ಇದ್ದೆವು. ಒಂದು ದಿನ ಟೀಚರ್ ಕೇಳಿದರು: ದುಃಖ ಆದಾಗ ನಿಮ್ಮ ಅಜ್ಜಿ ಏನಂತಾರೆ? ಚೀನಾದ ಗೆಳತಿ ‘ಎದೆ ಬಿಗಿ ಅಂತಾರೆ’ ಅಂದಳು. ನಾನು ‘ಹೊಟ್ಯಾಗ ಸಂಕಟ’ ಅಂತ ಹೇಳಿ, ಅರ್ಥ ಬಿಡಿಸಿ ಹೇಳಿದ್ದೆ. ನಮ್ಮಿಬ್ಬರ ಅಜ್ಜಿಯರೂ ‘ನನಗೆ ದುಃಖ ಆಗಿದೆ’ ಅಂತ ಎಂದೂ ಅಂದವರಲ್ಲ.

ಅದೇ ವಾರ ಆರ್ಥರ್ ಕ್ಲೈನ್‌ಮನ್ ಬಗ್ಗೆ ಪಾಠ. ತೈವಾನ್, ಚೀನಾದಲ್ಲಿ ಕೆಲಸ ಮಾಡಿದ ಅಮೆರಿಕದ ಮನೋವೈದ್ಯರು. ಅಲ್ಲಿನ ರೋಗಿಗಳು ಸುಸ್ತು, ತಲೆನೋವು ಅಂತ ಹೇಳುತ್ತಿದ್ದರೇ ಹೊರತು ಮನಸ್ಸಿನ ಮಾತು ಎತ್ತುತ್ತಿದ್ದದ್ದು ಕಡಿಮೆ. ಹಾಗಾಗಿ ಅವರು ರೋಗಿಗೇ ಕೇಳಿ ಅಂದರು: ಈ ತೊಂದರೆಗೆ ನೀವು ಏನಂತೀರಿ? ಯಾಕೆ ಬಂತು ಅನ್ಸತ್ತೆ? ಯಾವುದರ ಭಯ ಜಾಸ್ತಿ? ಮಾನಸಿಕ ಕಾಯಿಲೆ ಗುರುತಿಸಲು ವೈದ್ಯರು ಬಳಸುವ, 2013ರ ಡಿಎಸ್‌ಎಂ-5 ಕೈಪಿಡಿಯಲ್ಲೂ ಇಂಥದ್ದೇ 16 ಪ್ರಶ್ನೆಗಳ ಸಂದರ್ಶನ ಇದೆ. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದವಳು ನಾನು. ನಮ್ಮೂರಲ್ಲೇ, ನಮ್ಮ ಭಾಷೆಯಲ್ಲೇ ಕೇಳಲಿಲ್ಲ. ನಮ್ಮವರೇ ಅಲ್ವಾ, ಗೊತ್ತಾಗುತ್ತೆ ಅಂದುಕೊಂಡಿದ್ದೆ.

ಮರುದಿನ ಫೋನ್ ಮಾಡಿದೆ. “ಬಸ್ಸೇನ ಫ್ರೀ ಐತ್ರಿ, ಒಂದಿನದ ಕೂಲಿ ಹೋಗತೈತಿ” ಅಂದರು. ಕೆಲಸ ಇಲ್ಲದ ದಿನ ನೋಡಿ ಬಂದರು. ಫಾರ್ಮ್ ತೆಗೆಯಲೇ ಇಲ್ಲ. “ಇದಕ್ಕ ನೀವು ಏನಂತೀರಿ?” ಅಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು.

“ಚಿಂತಿ ತಲಿಗೇರೈತ್ರಿ. ಮಗ ಸಾಲಿ ಬಿಟ್ಟಾನ. ಅವರಪ್ಪಗ ಇನ್ನೂ ಹೇಳಿಲ್ಲ.”

ಐದು ತಿಂಗಳಿಂದ ಒಬ್ಬರೇ ಹೊತ್ತುಕೊಂಡಿದ್ದರು. ಕೊನೆಗೆ, “ನಮ್ಮತ್ತಿ ಮುಂದ ನೀವು ಹೇಳ್ರಿ, ನಿಮ್ಮ ಮಾತು ಕೇಳ್ತಾರ” ಅಂದರು. ಲೆಸ್ಟರ್‌ನಲ್ಲಿ ಕಲಿತ ಹಾಗೆ ಒಬ್ಬರನ್ನೇ ಕೂರಿಸಿ ಮಾತಾಡುವುದು ನನಗೆ ಈಗಲೂ ಮುಖ್ಯ. ಆದರೆ ಆಮೇಲೆ ಮನೆಯವರು ಒಳಗೆ ಬರಲಿ ಅಂತ ಅವರೇ ಕೇಳಿದರೆ, ಕುರ್ಚಿ ಹಾಕಬೇಕು. ಮುಂದಿನ ಸಲ ಅತ್ತೆ ಬಂದರು. ನಮ್ಮ ಮನೋವೈದ್ಯರೂ ಒಮ್ಮೆ ನೋಡಿದರು.

ಹೊರಗೆ ಓದಲು ಹೊರಟವರಿಗೆ ಒಂದು ಮಾತು: ಅಲ್ಲಿನ ಎಂಎಸ್ಸಿ ಒಂದೇ ಇದ್ದರೆ ಇಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಲು ಬರುವುದಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ದುಡ್ಡು ಕಟ್ಟುವ ಮೊದಲೇ ವಿಚಾರಿಸಿ.

ಈಗ ನನ್ನ ಫಾರ್ಮಿನ ತಲೆಯಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಬಂದವರು ತಮ್ಮ ತೊಂದರೆಗೆ ಇಟ್ಟ ಹೆಸರು ಅಲ್ಲಿಗೆ. ಮೊನ್ನೆ ಗದಗ ಕಡೆಯ ಒಬ್ಬ ಅಜ್ಜ “ಜೀವ ಹಾರತೈತಿ” ಅಂದರು. ಹಾಗೇ ಬರೆದುಕೊಂಡು, “ಯಾವಾಗಿಂದ ಅಜ್ಜಾರ?” ಅಂದೆ.