ಸುಮ್ಮನೆ ನೋಡಿಕೊಂಡು ಕೂರುವುದಕ್ಕೂ ತರಬೇತಿಯೇ?

"ವಿಮಾನ ಹಾರಿಸೋದು ಆಟೊಪೈಲಟ್. ಅದಕ್ಕೊಬ್ಬ ಪೈಲಟ್. ಪಕ್ಕದಲ್ಲಿ ಇನ್ನೊಬ್ಬ ಸುಮ್ನೆ ಕೂತಿರ್ತಾನಲ್ಲ, ಅವನಿಗೆ ಏನು ಟ್ರೈನಿಂಗ್ ಕೊಡ್ತೀರಿ?" ಪೈಲಟ್‌ಗಳಿಗೆ ತರಬೇತಿ ಕೊಡುವ ನನಗೆ ಇದಕ್ಕೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಬರೆದೇ ಬಿಡುತ್ತೇನೆ.

ಆ ಸುಮ್ಮನೆ ಕೂತವನ ಕೆಲಸವೇ ನಿಗಾ ಇಡುವುದು. ಅದರ ಬಗ್ಗೆ ಒಂದು ಲೆಕ್ಕ ಇದೆ. 1978ರಿಂದ 1990ರವರೆಗೆ ಪೈಲಟ್‌ಗಳ ತಪ್ಪೂ ಕಾರಣವಾಗಿದ್ದ 37 ದೊಡ್ಡ ಅಪಘಾತಗಳನ್ನು ಅಮೆರಿಕದಲ್ಲಿ ಅಪಘಾತಗಳ ತನಿಖೆ ಮಾಡುವ ಸಂಸ್ಥೆ ಎನ್‌ಟಿಎಸ್‌ಬಿ 1994ರಲ್ಲಿ ಮತ್ತೆ ಕೆದಕಿ ನೋಡಿತು. 31ರಲ್ಲಿ ನಿಗಾ ಇಡಬೇಕಾದವರು ತಪ್ಪನ್ನು ಗಮನಿಸಿರಲಿಲ್ಲ, ಇಲ್ಲವೇ ಗಮನಿಸಿದ್ದನ್ನು ಗಟ್ಟಿಯಾಗಿ ಹೇಳಿರಲಿಲ್ಲ.

"ಮೀಟರ್ ಎದುರಿಗೇ ಇರುತ್ತಲ್ಲ, ನೋಡೋದಕ್ಕೇನು ಕಷ್ಟ?" ಇದು ಮುಂದಿನ ಪ್ರಶ್ನೆ. ಸರಿ, ನೋಡೋಣ. 2013ರ ಜುಲೈ 6, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯುತ್ತಿದ್ದ ಏಷಿಯಾನಾ 214 ವಿಮಾನ. ಇರಬೇಕಾದ ವೇಗ 137 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ). 500 ಅಡಿ ಎತ್ತರದಲ್ಲಿ ವೇಗ ಹೆಚ್ಚುಕಡಿಮೆ ಅಷ್ಟೇ ಇತ್ತು. ಅದೊಂದೇ ಅಂಕಿ ನೋಡಿದರೆ ಎಲ್ಲ ಸರಿ. ಆದರೆ ಎಂಜಿನ್‌ನ ಶಕ್ತಿ ಏರಿಸಿ ಇಳಿಸುವ ಥ್ರಸ್ಟ್ ಲಿವರ್‌ಗಳು ಐಡಲ್‌ನಲ್ಲಿ, ಅಂದರೆ ಅತಿ ಕಡಿಮೆ ಶಕ್ತಿಯಲ್ಲಿದ್ದವು. ನಿಮಿಷಕ್ಕೆ 700 ಅಡಿಯಂತೆ ಇಳಿಯಬೇಕಾದ ವಿಮಾನ 1,200 ಅಡಿಯಂತೆ ಇಳಿಯುತ್ತಿತ್ತು. ಆ ಲಿವರ್‌ಗಳನ್ನು ತಾನೇ ಹೊಂದಿಸುವ ಆಟೊಥ್ರಾಟಲ್ 'ಹೋಲ್ಡ್' ಮೋಡ್‌ಗೆ ಹೋಗಿ, ವೇಗ ಕಾಯುವ ಕೆಲಸವನ್ನೇ ಬಿಟ್ಟಿತ್ತು. ವೇಗ 103 ನಾಟ್‌ಗೆ ಕುಸಿದು, ವಿಮಾನ ರನ್‌ವೇ ಮುಂದಿನ ಕಡಲಗೋಡೆಗೆ ಬಡಿಯಿತು. ಮೂವರು ಸತ್ತರು. ಕಾಕ್‌ಪಿಟ್‌ನಲ್ಲಿ ಮೂರು ಜನ ಪೈಲಟ್‌ಗಳಿದ್ದರು.

ಹಾಗಾಗಿ ನಾವು ಕಲಿಸುವುದು ಅಂಕಿ ನೋಡುವುದನ್ನಲ್ಲ. ನೋಡುವ ಮೊದಲೇ ಅಲ್ಲಿ ಏನಿರಬೇಕು ಎಂದು ಅಂದಾಜು ಕಟ್ಟುವುದನ್ನು. ಮೂರು ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲಿನ ವೇಗವನ್ನು ಐದರಿಂದ ಗುಣಿಸಿದರೆ ಇಳಿಯುವ ದರ ಸಿಗುತ್ತದೆ: 140 ನಾಟ್‌ಗೆ 700. ರನ್‌ವೇ ಐದು ನಾಟಿಕಲ್ ಮೈಲಿ ದೂರ ಇದ್ದರೆ ಎತ್ತರ ಸುಮಾರು 1,500 ಅಡಿ. ಈ ಅಂದಾಜು ತಲೆಯಲ್ಲಿದ್ದವನಿಗೆ 1,200 ಕಣ್ಣಿಗೆ ಚುಚ್ಚುತ್ತದೆ. ಇಲ್ಲದವನಿಗೆ ಅದೂ ಒಂದು ಅಂಕಿ, ಅಷ್ಟೆ.

ಗುಂಡಿ ಒತ್ತುವುದಕ್ಕೂ ಇದೇ ಪಾಠ. ಒತ್ತಿದ ಮೇಲೆ ಕಣ್ಣು ಗುಂಡಿಯ ಮೇಲಿರಬಾರದು, ಪರದೆಯ ಮೇಲ್ತುದಿಯಲ್ಲಿ ಸದ್ಯದ ಮೋಡ್ ತೋರಿಸುವ ಎಫ್‌ಎಂಎ ಮೇಲಿರಬೇಕು. ನೀವು ಕೇಳಿದ್ದನ್ನು ವಿಮಾನ ಒಪ್ಪಿಕೊಂಡಿತೋ ಇಲ್ಲವೋ ಅಲ್ಲೇ ಗೊತ್ತಾಗುವುದು. ನಿಗದಿತ ಎತ್ತರ ಮುಟ್ಟಲು ಇನ್ನು 1,000 ಅಡಿ ಉಳಿದಿರುವಾಗ ಕಂಪ್ಯೂಟರ್‌ಗೆ ದಾರಿ ತುಂಬುತ್ತಾ, ಕಾಗದ ಬರೆಯುತ್ತಾ ಕೂರುವಂತಿಲ್ಲ. ಅದಕ್ಕೆಲ್ಲ ಕ್ರೂಸ್‌ನಲ್ಲಿ, ಮೇಲೇರಿ ಒಂದೇ ಎತ್ತರದಲ್ಲಿ ಹಾರುವಾಗ, ಬೇಕಾದಷ್ಟು ಹೊತ್ತಿರುತ್ತದೆ.

ಸಿಮ್ಯುಲೇಟರ್‌ನಲ್ಲಿ ಇದನ್ನು ಪರೀಕ್ಷಿಸಲು ಎಂಜಿನ್‌ಗೆ ಬೆಂಕಿ ಹಚ್ಚಬೇಕಿಲ್ಲ. ಬೆಂಕಿ ಬಿದ್ದರೆ ಯಾರಿಗಾದರೂ ಗೊತ್ತಾಗುತ್ತೆ, ಗಂಟೆ ಬಡಿಯುತ್ತೆ. ಹಾರಿಸುವವನಿಗೆ ಮೊದಲೇ ಗುಟ್ಟಾಗಿ ಹೇಳಿಟ್ಟು, ವೇಗವನ್ನು ಮೆಲ್ಲಗೆ ಕಡಿಮೆ ಮಾಡಿಸಿದರೆ ಸಾಕು. ವೇಗ ತಪ್ಪಿದ್ದು ಯಾವಾಗ, ಪಕ್ಕದವನು ಬಾಯಿ ಬಿಟ್ಟಿದ್ದು ಯಾವಾಗ? ಆಮೇಲೆ ರೀಪ್ಲೇ ಹಾಕಿ ನಡುವಿನ ಸೆಕೆಂಡುಗಳನ್ನು ಎಣಿಸಿ ತೋರಿಸಬೇಕು. ಬರೀ ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ನಿಜವಾಗಿ ಯಾರಾದರೂ ಕೇಳಬೇಕಾದ ಪ್ರಶ್ನೆ ಆ ಸೆಕೆಂಡುಗಳದ್ದು. ಕಣ್ಣಿಗೆ ಬಿದ್ದ ಮೇಲೂ ಯಾಕೆ ಸುಮ್ಮನಿರುತ್ತಾರೆ? ಕ್ಯಾಪ್ಟನ್‌ಗೂ ಗೊತ್ತಿರಬೇಕು, ಈಗ ಸರಿ ಮಾಡ್ತಾರೆ, ಇನ್ನೊಂದು ಕ್ಷಣ ನೋಡೋಣ ಅನ್ನುವ ಲೆಕ್ಕಾಚಾರ. ನೆಲ ಹತ್ತಿರವಾದಷ್ಟೂ ಆ ಒಂದು ಕ್ಷಣ ದುಬಾರಿ. ಇದು ಗುಣದ ದೋಷ, ಅಂಜುಬುರುಕತನ ಅಂತ ಷರಾ ಬರೆದು ಕೈತೊಳೆದುಕೊಳ್ಳುವ ಇನ್‌ಸ್ಟ್ರಕ್ಟರ್‌ಗಳಿದ್ದಾರೆ. ಅವರ ಮೇಲೆ ನನಗೆ ಪ್ರಶ್ನೆ ಕೇಳುವವರಿಗಿಂತ ಹೆಚ್ಚು ಸಿಟ್ಟು. ಮಾತು ಮೊದಲೇ ಸಿದ್ಧವಾಗಿದ್ದರೆ ಧೈರ್ಯ ಹುಡುಕಬೇಕಿಲ್ಲ. "ಸರ್, ಸ್ವಲ್ಪ ವೇಗ..." ಅಂತ ರಾಗ ಎಳೆಯುವಂತಿಲ್ಲ. "ಸ್ಪೀಡ್, ಹತ್ತು ನಾಟ್ ಕಡಿಮೆ." ಹಾರಿಸುವವನು "ಕರೆಕ್ಟಿಂಗ್" ಅನ್ನಲೇಬೇಕು, ಅಂದಂತೆ ಮಾಡಲೂಬೇಕು. ಎರಡು ಸಲ ಕರೆದರೂ ಉತ್ತರವಿಲ್ಲದಿದ್ದರೆ ಅವನಿಗೆ ಏನೋ ಆಗಿದೆ ಎಂದೇ ತಿಳಿದು "ಐ ಹ್ಯಾವ್ ಕಂಟ್ರೋಲ್" ಎಂದು ಕೈ ಹಾಕಬೇಕು. ಇಳಿಯುವಾಗ "ಗೋ ಅರೌಂಡ್" (ಇಳಿಯುವುದು ಬಿಟ್ಟು ಮತ್ತೆ ಮೇಲೇರು) ಎಂದು ಯಾರು ಹೇಳಿದರೂ, ಅವತ್ತೇ ಕೆಲಸಕ್ಕೆ ಸೇರಿದವನು ಹೇಳಿದರೂ, ಮೊದಲು ಥ್ರಸ್ಟ್ ಕೊಟ್ಟು ಮೇಲೇರಬೇಕು. ಯಾಕೆ ಹೇಳಿದೆ ಅಂತ ಜಗಳ ಆಡುವುದು ಇದ್ದರೆ ಇಳಿದ ಮೇಲೆ.