ಹೊಗೆ ಹಿಡಿದ ಮನೆಯನ್ನು ತೊಳೆದು ಬಣ್ಣ ಹೊಡೆಸಿದರೆ ಸಾಲದೇ?

ಬೆಂಕಿ ಅನಾಹುತವಾದ ಮನೆ, ಅಂಗಡಿಗಳಲ್ಲಿ ಮಸಿ ಮತ್ತು ಹೊಗೆಯ ಕಲೆ ತೆಗೆಯುವ ಕೆಲಸದಲ್ಲಿರುವ ನನ್ನನ್ನು ಬಹಳ ಜನ ಕೇಳುವ ಪ್ರಶ್ನೆ ಇದು: "ಬೆಂಕಿ ಆರಿತಲ್ಲ, ಗೋಡೆಗಳೂ ಗಟ್ಟಿಯಾಗಿವೆ, ಸೋಪಿನ ನೀರಿನಲ್ಲಿ ಒರೆಸಿ ಎರಡು ಕೋಟ್ ಪೇಂಟ್ ಹೊಡೆಸಿದರೆ ಸಾಲದೇ?" ಸಾಲದು ಎಂಬುದೇ ನನ್ನ ಉತ್ತರ. ಎಷ್ಟೋ ಮನೆಗಳಲ್ಲಿ ಬೆಂಕಿ ಉಳಿಸಿಹೋದ ಗೋಡೆಯನ್ನು ಆತುರದ ಒದ್ದೆ ಬಟ್ಟೆ ಹಾಳು ಮಾಡಿದ್ದನ್ನು ನಾನು ಕಂಡಿದ್ದೇನೆ.

ಮಸಿಯಲ್ಲಿ ಇಂಗಾಲದ ಅತಿಸೂಕ್ಷ್ಮ ಕಣಗಳ ಜೊತೆಗೆ ಅರೆಬರೆ ಉರಿದ ವಸ್ತುಗಳ ಎಣ್ಣೆ, ಟಾರು, ಆಮ್ಲಗಳೂ ಸೇರಿರುತ್ತವೆ. ನೀರು ತಾಗಿದೊಡನೆ ಮೇಲ್ಮೈಯಲ್ಲಿ ಸಡಿಲವಾಗಿ ಕುಳಿತಿದ್ದುದು ಪುಟ್ಟಿಯ, ಗಾರೆಯ ರಂಧ್ರಗಳಿಗೆ ಇಳಿದು ಕಲೆಯಾಗಿ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಮೊದಲ ಹಂತದ ಕೆಲಸವೆಲ್ಲ ಒಣಗಿನದು: 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿಯೂ ಶೇ. 99.97ರಷ್ಟನ್ನು ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಯಂತ್ರದ ಬಾಯನ್ನು ಗೋಡೆಗೆ ಉಜ್ಜದೆ ಸ್ವಲ್ಪ ದೂರದಲ್ಲಿ ಹಿಡಿದು ಮಸಿಯನ್ನು ಎಳೆದುಕೊಳ್ಳಬೇಕು. ಅನಂತರ ಈ ಕೆಲಸಕ್ಕೆಂದೇ ಸಿಗುವ ಒಣ ರಬ್ಬರ್ ಸ್ಪಂಜಿನಿಂದ ಚಾವಣಿಯಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಎಳೆಯುತ್ತ ಬರಬೇಕು. ಕ್ಷಾರಗುಣದ ಮಾರ್ಜಕದಿಂದ ತೊಳೆಯುವ ಸರದಿ ಆಮೇಲಿನದು, ಮತ್ತು ಆಗ ಕ್ರಮ ತಿರುಗುತ್ತದೆ. ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ತೊಳೆಯಬೇಕು; ಇಲ್ಲದಿದ್ದರೆ ಮೇಲಿನಿಂದ ಇಳಿಯುವ ಕೊಳೆನೀರು ಒಣಗೋಡೆಯ ಮೇಲೆ ಬಿಡುವ ಗೆರೆಗಳು ಮತ್ತೆ ಹೋಗುವುದಿಲ್ಲ.

2019ರ ಏಪ್ರಿಲ್ 15ರಂದು ಪ್ಯಾರಿಸಿನ ನೋತ್ರ್ ದಾಮ್ ಕೆಥೆಡ್ರಲ್ ಹೊತ್ತಿ ಉರಿದಾಗ ಸೀಸದ ಚಾವಣಿ ಕರಗಿ ವಿಷಕಾರಿ ಧೂಳು ಒಳಗೆಲ್ಲ ಹರಡಿತ್ತು. ಅಲ್ಲಿಯೂ ಒಳಗೋಡೆಗಳ ಧೂಳನ್ನು ಮೊದಲು ವ್ಯಾಕ್ಯೂಮ್ ಯಂತ್ರದಿಂದ ಎಳೆದು, ಬಳಿಕ ಕಲ್ಲಿನ ಮೇಲೆ ಲೇಟೆಕ್ಸ್ ಸಿಂಪಡಿಸಿ, ಒಣಗಿದ ಪದರವನ್ನು ಕೊಳೆಸಮೇತ ಸುಲಿದು ತೆಗೆದರು.

ಉರಿದದ್ದು ಏನು ಎಂಬುದನ್ನು ತಿಳಿಯದೆ ಕೆಲಸ ಆರಂಭಿಸಬಾರದು. ಹತ್ತಿಯ ಹಾಸಿಗೆ ಗಂಟೆಗಟ್ಟಲೆ ಹೊಗೆಯಾಡಿದರೆ ಅಂಟಂಟಾದ ಪದರ ಕೂರುತ್ತದೆ. ಒಲೆಯ ಮೇಲೆ ಮಾಂಸ, ಮೀನು ಸೀದುಹೋದರೆ ಕಣ್ಣಿಗೆ ಏನೂ ಕಾಣದಿದ್ದರೂ ಇಡೀ ಮನೆ ನಾರುತ್ತದೆ. ನನಗೆ ಹೆಚ್ಚು ಆತಂಕ ತರುವುದು ಶಾರ್ಟ್ ಸರ್ಕಿಟ್‌ನಲ್ಲಿ ಸುಡುವ ವೈರುಗಳು. ಅವುಗಳ ಪಿವಿಸಿ ಹೊದಿಕೆ ಉರಿದಾಗ ಹೊಮ್ಮುವ ಹೈಡ್ರೋಜನ್ ಕ್ಲೋರೈಡ್ ತೇವದೊಂದಿಗೆ ಕೂಡಿ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ನಲ್ಲಿ, ಬಾಗಿಲ ಕೀಲು, ಟಿವಿಯ ಸರ್ಕಿಟ್ ಬೋರ್ಡು ಎಲ್ಲವನ್ನೂ ಅದು ಕೊರೆಯತೊಡಗುತ್ತದೆ. ಬೆಂಕಿ ತಾಗದ ಕೋಣೆಯಲ್ಲಿದ್ದ ಕಂಪ್ಯೂಟರನ್ನೂ ಫ್ರಿಜ್ಜನ್ನೂ ಪರೀಕ್ಷೆ ಮಾಡಿಸದೆ ಆನ್ ಮಾಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಬಿಸಿ ಹೊಗೆ ತಣ್ಣಗಿನ ಜಾಗವನ್ನು ಹುಡುಕಿಕೊಂಡು ಹೋಗುತ್ತದೆ. ಮುಚ್ಚಿದ ಕಪಾಟಿನ ಒಳಮೈ, ಫಾಲ್ಸ್ ಸೀಲಿಂಗಿನ ಮೇಲ್ಭಾಗ, ಸ್ವಿಚ್ ಬೋರ್ಡಿನ ಹಿಂಬದಿ, ಎ.ಸಿ.ಯ ಒಳಭಾಗ ಇವೆಲ್ಲವನ್ನೂ ಬಿಚ್ಚಿ ನೋಡಬೇಕಾಗುತ್ತದೆ. ಹಿಂದಿನ ಸೌದೆ ಒಲೆಯ ಅಡುಗೆಮನೆಗಳಲ್ಲಿ ಜೋತಾಡುತ್ತಿದ್ದ ಇಲ್ಲಣದಂತೆ ಚಾವಣಿಯ ಮೂಲೆಗಳಲ್ಲಿ ಮಸಿಯ ಎಳೆಗಳು ತೂಗುತ್ತವೆ. ಅವುಗಳನ್ನು ಪೊರಕೆಯಿಂದ ಬಡಿಯುವುದೂ, ಫ್ಯಾನ್ ಹಾಕುವುದೂ ಮಸಿಯನ್ನು ಉಳಿದ ಕೋಣೆಗಳಿಗೆ ಹಂಚಿದಂತೆ. ಎಲ್ಲಾದರೂ ಗಾರೆ ಉದುರಿ ಒಳಗಿನ ಕಾಂಕ್ರೀಟ್ ನಸುಗೆಂಪಾಗಿ ಕಂಡರೆ, ಅದು 300 ಡಿಗ್ರಿ ಸೆಲ್ಸಿಯಸ್ ಮೀರಿ ಕಾದಿರಬಹುದು. ಅಂಥ ಕಡೆ ಕಟ್ಟಡದ ಎಂಜಿನಿಯರ್ ನೋಡುವವರೆಗೆ ಯಾರೂ ಕೈಹಚ್ಚಬಾರದು.

ಇನ್ನು ಪೇಂಟಿನ ಮಾತು. ಮಸಿಯ ಮೇಲೆ ನೇರವಾಗಿ ಹೊಡೆದ ಎಮಲ್ಷನ್ ಪೇಂಟಿನ ಮೂಲಕ ಹಳದಿ, ಕಂದು ಕಲೆ ಹೊರಬರುತ್ತದೆ, ಮಳೆಗಾಲದ ತೇವಕ್ಕೆ ಸುಟ್ಟ ವಾಸನೆಯೂ ಮರಳುತ್ತದೆ. ಶುಚಿಗೊಳಿಸಿದ ಮೇಲೂ ಉಳಿದ ಕಲೆಯನ್ನು ಅರಗಿನ ಮೂಲದ ಪ್ರೈಮರ್‌ನಿಂದ ಮುಚ್ಚಿ, ಆಮೇಲೆ ಬಣ್ಣ ಹೊಡೆಸಬೇಕು. ವಾಸನೆಗೆ ಓಝೋನ್ ಯಂತ್ರ ಬಳಸುವುದುಂಟು. ಅದು ನಡೆಯುವಾಗ ಮನುಷ್ಯರು, ಸಾಕುಪ್ರಾಣಿಗಳು, ಗಿಡಗಳು ಯಾವುದೂ ಒಳಗಿರಬಾರದು, ರಬ್ಬರಿನ ವಸ್ತುಗಳೂ ಹಾಳಾಗುತ್ತವೆ. ಮಸಿಯನ್ನು ಪೂರ್ತಿ ತೆಗೆಯದೆ ಓಝೋನ್ ಬಿಡುವುದನ್ನು ನಾನು ಒಪ್ಪುವುದಿಲ್ಲ.

ಆರೋಗ್ಯದ ವಿಷಯದಲ್ಲಿ ರಾಜಿಯಿಲ್ಲ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿಯೇ ಚಿಮಣಿ ಗುಡಿಸುವವರ ಕ್ಯಾನ್ಸರಿಗೂ ಮಸಿಗೂ ಇರುವ ನಂಟನ್ನು ಗುರುತಿಸಿದ್ದರು. ಇಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಚಿಮಣಿ ಕೆಲಸಗಾರರಿಗೆ ತಗಲುವ ಮಸಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿನಲ್ಲಿಟ್ಟಿದೆ. ನಮ್ಮ ಕೆಲಸಗಾರರು ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕು, ಕೈಗವಸು, ಮೈತುಂಬ ಉಡುಪು ಇಲ್ಲದೆ ಒಳಗೆ ಕಾಲಿಡುವುದಿಲ್ಲ. ಕರವಸ್ತ್ರ ಕಟ್ಟಿಕೊಂಡು ಮಕ್ಕಳೊಂದಿಗೆ ಒಳಗೆ ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತೆರೆದಿಟ್ಟಿದ್ದ ದಿನಸಿ, ಹೊಗೆ ಹಿಡಿದ ಔಷಧಿ, ಮೆತ್ತನೆಯ ಆಟಿಕೆಗಳನ್ನು ಉಳಿಸಿಕೊಳ್ಳಲು ಹೋಗಬೇಡಿ.

ಒಂದು ಪಾತ್ರೆ ಸೀದು ಅಡುಗೆಮನೆಯ ಮೂಲೆ ಕಪ್ಪಾಗಿದ್ದರೆ ಮೇಲೆ ಹೇಳಿದ ಕ್ರಮದಲ್ಲಿ ನೀವೇ ಮಾಡಿಕೊಳ್ಳಬಹುದು. ಅದಕ್ಕಿಂತ ದೊಡ್ಡದಾಗಿದ್ದು ವಿಮೆ ಇದ್ದರೆ, ಕೂಡಲೇ ಕಂಪನಿಗೆ ತಿಳಿಸಿ, ಪ್ರತಿ ಕೋಣೆಯ ಫೋಟೊ ತೆಗೆದಿಟ್ಟು, ಅಗ್ನಿಶಾಮಕ ದಳದ ವರದಿಗೆ ಅರ್ಜಿ ಹಾಕಿ, ಸರ್ವೇಯರ್ ನೋಡಿದ ಬಳಿಕವೇ ಶುಚಿಕಾರ್ಯ ಆರಂಭಿಸಿ. ಕೆಲಸಕ್ಕೆ ಬರುವವರನ್ನು ಒಪ್ಪಿಕೊಳ್ಳುವ ಮುನ್ನ ಮೊದಲ ದಿನ ಏನು ಮಾಡುತ್ತೀರಿ ಎಂದು ಕೇಳಿ. ಬಕೆಟ್ಟು, ಪೈಪು ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕಿ.